ನಡುವಿನ ಮೂರಕ್ಷರ

ಗೋಪನಕೊಪ್ಪದ ಆ ಮನೆಯ ಪಡಸಾಲೆಯಲ್ಲಿ ಬೆಳಗಾದರೆ ಇಂಗ್ಲಿಷ್ ಶಬ್ದಗಳ ಪಠಣ. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಕಾಲೇಜು ಸೇರಿ, ಅಲ್ಲಿಯ ಮಾರುದ್ದದ ಶಬ್ದಗಳಿಗೆ ಬೆದರಿದ ಹುಡುಗಿಯರು ಸೌಂದರ್ಯಾಳ ಹತ್ತಿರ ಪಾಠಕ್ಕೆ ಬರುತ್ತಿದ್ದರು. ಒಂದೇ ಬಾಲದ ಶಬ್ದಗಳನ್ನು ಒಂದು ಸರದಲ್ಲಿ ಪೋಣಿಸಿ, ಶಬ್ದದ ಬೆನ್ನಿಗೇ ಅರ್ಥ ಕಟ್ಟಿ, ರಾಗವಾಗಿ ಹೇಳಿಸುವುದು ಅವಳ ಕ್ರಮ. ಅವಳ ತಾಯಿ ಮುರಿಗೆವ್ವ ಅವಳಿಗೆ ವಚನ ಕಲಿಸಿದ್ದೂ ಹಾಗೆಯೇ. ಅಕ್ಷರ ಜಾರಿದರೆ ಮುರಿಗೆವ್ವ ಬೈಯುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ನೆಲ ಕುಟ್ಟುತ್ತಿದ್ದಳು. "ಮತ್ತ ಮೊದಲಿಂದ."

ಅವತ್ತು 'ಓಮಾ' ಬಾಲದ ಸರದಿ.

"ಲಿಪೋಮಾ, ಕೊಬ್ಬಿನ ಗಂಟು. ಹೆಮಟೋಮಾ, ರಕ್ತ ಹೆಪ್ಪುಗಟ್ಟಿದ ಬಾವು. ಅಡಿನೋಮಾ, ಗ್ರಂಥಿಯ ಸಾದಾ ಗಂಟು. ಅಡಿನೋಕಾರ್ಸಿನೋಮಾ, ಗ್ರಂಥಿಯ ಕ್ಯಾನ್ಸರ್."

"ಅಕ್ಕೋರ, ಹಂಗಾರ ಡಿಪ್ಲೊಮಾ?" ಯಾಸ್ಮಿನ ಕೇಳಿದಳು.

"ಅದೂ ಒಂದು ಗಂಟನ. ನಿನ್ನ ಕೊರಳಿಗೆ ಬಿದ್ದೈತಿ. ಮುಂದ ಹೇಳು."

ಹುಡುಗಿಯರು ನಕ್ಕರು. ಬಾಗಿಲ ಬಳಿ ಕೂತು ಕೇಳುತ್ತಿದ್ದ ಮುರಿಗೆವ್ವನೂ ನಕ್ಕಳು. "ಇಂಗ್ಲಿಷ್ ಮಂದೀನೂ ಕಡೀಕ ಓಂ ಅಂತನ ಮುಗಸ್ತಾರ ನೋಡು."

"ಓಂ ಅಲ್ಲಬೇ, ಓಮಾ."

"ನನ್ನ ಕಿವಿಗೆ ಎರಡೂ ಒಂದ."

ಶ್ರಾವಣದ ಹೊತ್ತಿಗೆ ಮುರಿಗೆವ್ವನಿಗೆ ಅನ್ನ ಇಳಿಯದಾಯಿತು. ಗೋಕುಲ ರಸ್ತೆಯಲ್ಲಿ ಬೇರಿಂಗ್ ಅಂಗಡಿ ಇಟ್ಟಿದ್ದ ಮಗ ಗುರುಪಾದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಹೊಟ್ಟೆಯೊಳಗೆ ನಳಿಕೆ ಇಳಿಸಿ, ಅಲ್ಲಿದ್ದ ಗಂಟಿನ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಅಂದೇ ಮುರಿಗೆವ್ವ ಮಕ್ಕಳಿಬ್ಬರಿಗೂ ಹೇಳಿಬಿಟ್ಟಳು:

"ಸಾದಾ ಗಂಟಿದ್ರ ಕೊಯ್ಸಿಕೋತೇನಿ. ಕೆಟ್ಟದ್ದಿದ್ರ ಬ್ಯಾಡ. ನನ್ನ ತಂಗೀದು ನೋಡೇನಿ ನಾ."

ಅಂಥದೇ ಕೆಟ್ಟ ಗಂಟಿದ್ದ ಆ ತಂಗಿಯನ್ನು ಶಸ್ತ್ರಕ್ರಿಯೆಗೆ ಒಳಗೆ ಒಯ್ಯುವ ಮುನ್ನ ಕೊರಳಿನ ಶಿವದಾರ ಬಿಚ್ಚಿ, ಲಿಂಗವನ್ನು ಮನೆಯವರ ಕೈಗೆ ಕೊಟ್ಟಿದ್ದರು. ಅವಳು ಎಚ್ಚರಗೊಳ್ಳಲೇ ಇಲ್ಲ. ಹುಟ್ಟಿದಂದಿನಿಂದ ಮೈಗಂಟಿದ್ದ ಲಿಂಗ ಪ್ರಾಣ ಹೋಗುವಾಗ ಎದೆಯ ಮೇಲಿರಲಿಲ್ಲ. ಮುರಿಗೆವ್ವನಿಗೆ ಸಾವಿನ ಭಯವಿರಲಿಲ್ಲ. ಬರಿದಾದ ಎದೆಯ ಭಯವಿತ್ತು.

ವರದಿ ಬಂದ ದಿನ ಪರದೆಯಾಚೆ ಮುರಿಗೆವ್ವ ಸೀರೆ ಸರಿಪಡಿಸಿಕೊಳ್ಳುತ್ತಿದ್ದಳು. ಈಚೆ ವೈದ್ಯರು ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಮೆಟ್ಟಿಲ ತಿರುವಿನಲ್ಲಿ ಗುರುಪಾದ ತಂಗಿಯ ರಟ್ಟೆ ಹಿಡಿದ.

"ಕೊಯ್ಸಿದ್ರ ಒಂದೆರಡು ವರ್ಷ ಸಿಗಬಹುದು ಅಂದ್ರು. ಇಲ್ಲಂದ್ರ ದೀಪಾವಳಿನೂ ಖರೇ ಇಲ್ಲ. ಅವ್ವ ನನ್ನ ಮಾತು ನಂಬೂದಿಲ್ಲ, ನೀ ಹೇಳಿದ್ರ ನಂಬ್ತಾಳ. ನಡುವಿನ ಮೂರಕ್ಷರ ನುಂಗಿಬಿಡು. ಅಷ್ಟ."

"ಅಣ್ಣಾ, ಅವ್ವನ ಮುಂದ ಹೆಂಗ..."

"ಪಾಠ ಹೇಳಾಕಿ ನೀ. ಒಂದು ಶಬ್ದ ಸಣ್ಣದು ಮಾಡಾಕ ಬರೂದಿಲ್ಲೇನು?"

ಸೌಂದರ್ಯಾ ತಲೆಯಾಡಿಸಿ ಒಪ್ಪಿದಳು. ದೇವರ ಮುಂದೆ ಎಣ್ಣೆ ದೀಪ ಹಚ್ಚುವಾಗೆಲ್ಲ ತಾಯಿ ಬದುಕಲಿ ಎಂದು ಬೇಡಿಕೊಂಡವಳು ಅವಳೂ ಹೌದಲ್ಲ.

ಮನೆಗೆ ಬಂದು ಮುರಿಗೆವ್ವ ಗೋಡೆಗೊರಗಿ ಕೂತಳು. "ಏನಂದ್ರವಾ ಡಾಕ್ಟರು?"

"ಅಡಿನೋಮಾ ಅಂತಬೇ. ಸಾದಾ ಗಂಟು. ಕೊಯ್ದು ತೆಗದ್ರ ಮುಗೀತು."

ಗುರುಪಾದ ತಕ್ಷಣ ದನಿಗೂಡಿಸಿದ. "ಕೇಳಿದೇನಬೇ? ಸೋಮವಾರ ಹೋಗೂಣು."

ಮುರಿಗೆವ್ವ ಕೈ ಕೆಳಗಿಳಿಸಿ, ಗೆಣ್ಣಿನಿಂದ ನೆಲ ಕುಟ್ಟಿದಳು.

ಸೌಂದರ್ಯಾ ಅಣ್ಣನ ಕಡೆ ನೋಡಿದಳು.

"ಪರದೆ ಹಿಂದ ನಾನೂ ಇದ್ದೆನಲ್ಲವಾ," ಮುರಿಗೆವ್ವ ಮೆಲ್ಲಗೆ ಅಂದಳು. "ಅವ್ರಂದದ್ದು ಉದ್ದಿತ್ತು. ನಡುವ ನುಂಗಿದಿ. ಮತ್ತ ಮೊದಲಿಂದ ಹೇಳು."

"ಅವ್ವಾ, ನಿನಗ ಇಂಗ್ಲಿಷ್ ಎಲ್ಲಿ ತಿಳೀತೈತಿ?" ಗುರುಪಾದ ದನಿ ಏರಿಸಿದ.

"ತಿಳಿಯೂದಿಲ್ಲಪಾ. ಕೇಳ್ತೈತಿ."

ಅಣ್ಣ ಕಣ್ಣಿನಲ್ಲೇ ಬೇಡವೆಂದ. ತಾಯಿಯ ಗೆಣ್ಣು ಇನ್ನೂ ನೆಲದ ಮೇಲಿತ್ತು. ಸೌಂದರ್ಯಾ ತಲೆತಗ್ಗಿಸಿ, ಚಿಕ್ಕಂದಿನಲ್ಲಿ ತಪ್ಪಿದ ಸಾಲನ್ನು ತಿದ್ದಿ ಹೇಳುತ್ತಿದ್ದಂತೆ ಪೂರ್ತಿ ಹೇಳಿದಳು. "ಅಡಿನೋಕಾರ್ಸಿನೋಮಾ."

"ಅರ್ಥ?"

ಅರ್ಥವನ್ನೂ ಹೇಳಿದಳು.

ಮುರಿಗೆವ್ವ ಸೆರಗಿನೊಳಗೆ ಕೈ ಹಾಕಿ ಲಿಂಗವನ್ನು ಮುಟ್ಟಿ ನೋಡಿಕೊಂಡಳು. "ಸೋಮವಾರ ಎಲ್ಲಿಗೂ ಹೋಗೂದು ಬ್ಯಾಡ."

ಗುರುಪಾದ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೊಸ್ತಿಲಲ್ಲಿ ತಿರುಗಿ ನಿಂತ. "ಆ ಮೂರಕ್ಷರ ನುಂಗಿದ್ರ ಅವ್ವ ಉಳೀತಿದ್ಲು. ಇನ್ನ ನೀನ ನೋಡ್ಕೋ." ಅಂದಿನಿಂದ ಅವನು ತಂಗಿಯೊಡನೆ ಮಾತಾಡಲಿಲ್ಲ. ದಿನಾ ಎಳನೀರು ತಂದು ತಾಯಿಯ ಬಳಿ ಇಟ್ಟು, ಗೋಡೆ ನೋಡುತ್ತ ಕೂತು ಎದ್ದು ಹೋಗುತ್ತಿದ್ದ.

ದಸರೆ ಕಳೆಯುವಷ್ಟರಲ್ಲಿ ಮುರಿಗೆವ್ವ ಒಳಕೋಣೆಯ ಮಂಚಕ್ಕೆ ಅಂಟಿಬಿಟ್ಟಿದ್ದಳು. ಎಳನೀರೂ ನಿಲ್ಲುತ್ತಿರಲಿಲ್ಲ. ನೋವು ಬಂದಾಗ ವಚನ ಶುರು ಮಾಡಿ ಅರ್ಧಕ್ಕೆ ಬಿಡುತ್ತಿದ್ದಳು. ಉಳಿದರ್ಧವನ್ನು ಮಗಳು ಹೇಳಿ ಮುಗಿಸಬೇಕು. ಒಮ್ಮೊಮ್ಮೆ ನರಳಾಟ ಬೀದಿಗೆ ಕೇಳುತ್ತಿತ್ತು. ಆಗೆಲ್ಲ ಸೌಂದರ್ಯಾಳಿಗೆ ಅಣ್ಣನ ಮಾತೇ ನೆನಪು. ಪಾಠ ನಿಲ್ಲಿಸುತ್ತೇನೆಂದರೆ ತಾಯಿ ಒಪ್ಪಲಿಲ್ಲ. "ಆ ಹುಡಿಗ್ಯಾರದು ಪರೀಕ್ಷಾ ಐತಿ. ನನಗೂ ಕಿವಿಗೆ ಏನರೆ ಬೀಳಲಿ."

ಪರೀಕ್ಷೆ ಹತ್ತಿರ ಬಂದಾಗ 'ಓಮಾ' ಬಾಲದ ಸರದಿ ಮತ್ತೆ ಬಂತು. ಹುಡುಗಿಯರಿಗೆ ಎಲ್ಲ ಗೊತ್ತಿತ್ತು. ದನಿ ತಗ್ಗಿಸಿಯೇ ಹೇಳಿದರು. ಲಿಪೋಮಾ ಆಯಿತು, ಹೆಮಟೋಮಾ ಆಯಿತು.

"ಅಡಿನೋಮಾ, ಗ್ರಂಥಿಯ ಸಾದಾ ಗಂಟು," ಎಂದು ಸೌಂದರ್ಯಾ ಅಲ್ಲಿಂದ ನೇರ ಮುಂದಕ್ಕೆ ಜಿಗಿದಳು. "ಗ್ಲಾಕೋಮಾ..."

ಒಳಗಿನಿಂದ ಕೇಳಿತು. ಮಂಚದ ಚೌಕಟ್ಟಿನ ಮೇಲೆ ಗೆಣ್ಣು, ಕ್ಷೀಣವಾಗಿ.

ಯಾಸ್ಮಿನ ಬಾಗಿಲ ಕಡೆ ನೋಡಿದಳು. "ಅಕ್ಕೋರ, ಒಂದು ಬಿಟ್ರಿ."

"ಹೌದವಾ. ಮತ್ತ ಮೊದಲಿಂದ."

ಮೊದಲಿನಿಂದ ಹೇಳಿದರು. ಆ ಶಬ್ದಕ್ಕೆ ಬರುತ್ತಲೇ ಹುಡುಗಿಯರು ಬಾಯಿ ಮುಚ್ಚಿದರು. ಸೌಂದರ್ಯಾ ಒಬ್ಬಳೇ ಅಕ್ಷರಕ್ಷರವಾಗಿ ಹೇಳಿದಳು, ಅರ್ಥದ ಸಮೇತ. ಆಮೇಲೆ ಒಳಗಡೆಗೆ ಕಿವಿಗೊಟ್ಟಳು.

ಸದ್ದಿಲ್ಲ. ಸರಿ ಹೇಳಿದರೆ ತಾಯಿ ಎಂದೂ ಕುಟ್ಟುತ್ತಿರಲಿಲ್ಲ.

ಆದರೆ ಉಸಿರಿನ ಕರಕರವೂ ಕೇಳುತ್ತಿರಲಿಲ್ಲ.

"ಅಡಿನೋಮಾ," ಎಂದಳು ಸೌಂದರ್ಯಾ ಬಾಗಿಲ ಕಡೆ ಮುಖ ಮಾಡಿ, ಬೇಕೆಂದೇ ತಪ್ಪಾಗಿ. ಕಾದಳು. ಇನ್ನೂ ಜೋರಾಗಿ, "ಅಡಿನೋಮಾ, ಅವ್ವಾ. ಅಡಿನೋಮಾ."

ಒಳಗೆ ಹೋದಾಗ ಮುರಿಗೆವ್ವನ ಬಲಗೈ ಚೌಕಟ್ಟಿನ ಮೇಲಿತ್ತು, ಗೆಣ್ಣು ಮಡಚಿಕೊಂಡು. ಎಡಗೈ ಎದೆಯ ಮೇಲೆ, ಲಿಂಗವನ್ನು ಗಟ್ಟಿಯಾಗಿ ಹಿಡಿದಿತ್ತು.