ಐದು ಏಣಿನ ಕಾಯಿ

ಆಕೆಯನ್ನು ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಮರದಲ್ಲಿ ಕಾಯಿ, ಮೊಗ್ಗು, ಶಂಖಗಳನ್ನು ಕೆತ್ತುವುದು ಆಕೆಯ ಕಸುಬು. ಇದ್ದದ್ದನ್ನು ಇದ್ದ ಹಾಗೇ ಕೆತ್ತಿದವಳಲ್ಲ. ನೋಡಿದವರಿಗೆ ಎಲ್ಲೋ ಕಂಡ ಕಾಯಿ ಅನ್ನಿಸಬೇಕು, ಯಾವ ಮರದ್ದೆಂದು ಹೇಳಹೋದರೆ ಬಾಯಿ ಕಟ್ಟಬೇಕು.

ಕೆತ್ತುವುದು ಆಕೆ, ಉಜ್ಜಿ ನುಣುಪು ಮಾಡುವುದು ಗಂಡ. ಕೆತ್ತಿದ ಕೈ ಉಜ್ಜಬಾರದೆಂಬುದು ಆ ಮನೆಯ ಕಟ್ಟಳೆ. ಅವನು ಉಪ್ಪುಕಾಗದ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದ; ಅಂಗೈಗೆ ಸಮಾಧಾನವಾದೊಡನೆ "ಸಾಕು" ಎಂದು ಎದ್ದುಬಿಡುತ್ತಿದ್ದ. ಕಳೆದ ಚಳಿಗಾಲದಲ್ಲಿ ದೇವರು ಅವನನ್ನು ಕರೆಸಿಕೊಂಡನು. ಆತನ ಇಚ್ಛೆ ಆತನಿಗೇ ಗೊತ್ತು ಎಂದು ಅತ್ತಿಗೆ ಕೆಲಸಕ್ಕೆ ಕೂತಳು.

ಗ್ರಂಥಾಲಯದ ಹಜಾರಕ್ಕೆಂದು ಒಪ್ಪಿಕೊಂಡಿದ್ದ ಆಳೆತ್ತರದ ಕಾಯಿ ಕೆತ್ತಿ ಮುಗಿದಿತ್ತು. ತಲೆಯಿಂದ ತೊಟ್ಟಿನವರೆಗೆ ಉದ್ದಕ್ಕೂ ಉಬ್ಬಿ ನಿಂತ ಐದು ಏಣು, ಏಣು ಏಣಿನ ನಡುವೆ ತಗ್ಗು. ಈಗ ಉಜ್ಜುವುದೂ ಆಕೆಯ ಪಾಲಿಗೇ ಬಂತು. ಬೆಳಗ್ಗೆ ಪ್ರಾರ್ಥನೆ ಮುಗಿಸಿ ಕೂತರೆ ಊಟದ ನೆನಪಿಲ್ಲ. ಕಾಯಿ ಒಯ್ಯಲು ಗಾಡಿ ಬರುವ ದಿನವೂ ಉಜ್ಜುತ್ತಲೇ ಇದ್ದಳು.

ಆಗ ಬಂದಳು ನಾದಿನಿ, ಗಂಡನ ತಂಗಿ.

"ಏನತ್ತಿಗೆ, ಸೌತೆಕಾಯಿ ಸಿಪ್ಪೆ ಇನ್ನೂ ಸುಲೀತಾನೇ ಇದ್ದೀರಾ?"

"ನಿನ್ನ ತಲೆ! ಇನ್ನೊಂಚೂರು ಒರಟಿದೆ ಕಣೇ."

"ಎಲ್ಲಿ, ಸರೀರಿ ನೋಡೋಣ."

ನಾದಿನಿ ಅಣ್ಣನ ಹಾಗೇ ಕಣ್ಣು ಮುಚ್ಚಿ, ಒಂದು ಏಣಿನ ಮೇಲೆ ಬೆರಳಿಟ್ಟು ಇಳಿಸುತ್ತ ಬಂದಳು. ಸೊಂಟದ ಮಟ್ಟದಲ್ಲಿ ಬೆರಳು ದಾರಿ ತಪ್ಪಿ ತಗ್ಗಿಗೆ ಜಾರಿತು.

"ಅತ್ತಿಗೆ, ಇಲ್ಲಿ ಏಣೇ ಇಲ್ವಲ್ಲ!"

ಅತ್ತಿಗೆ ಮುಟ್ಟಿ ನೋಡಿದಳು. ಗೇಣುದ್ದ ಏಣು ಸವೆದು ಮಟ್ಟಸವಾಗಿತ್ತು.

"ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಾಗ್ತಾನೇ ಇತ್ತೇನೋ. ನಿಮ್ಮಣ್ಣ ಆರಿಸಿ ತಂದ ಕೊನೇ ದಿಮ್ಮಿ ಇದು. ಇದನ್ನೂ ಕಳಿಸಿಬಿಟ್ರೆ ಆಮೇಲೇನು ಅಂತ, ಕೈ ನಿಲ್ಲಲೇ ಇಲ್ಲ."

ನಾದಿನಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ, "ಹೀಗೇ ಬಿಟ್ರೆ ಉಜ್ಜಿ ಉಜ್ಜಿ ಹಲ್ಲುಕಡ್ಡಿ ಮಾಡಿಬಿಡ್ತೀರಿ. ಗ್ರಂಥಾಲಯದವರು ಗಾಡಿ ತರೋದೇನು, ಜೇಬಲ್ಲಿಟ್ಕೊಂಡು ಹೋಗ್ತಾರೆ" ಎಂದಳು.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ತಲೆ ತಿಳಿಯಾಯಿತು. ಹೋದ ಮರ ಮತ್ತೆ ಬರುವುದಿಲ್ಲ. ಆದರೆ ಎರಡೂ ಬದಿಯ ತಗ್ಗನ್ನು ಇನ್ನಷ್ಟು ಇಳಿಸಿದರೆ ನಡುವಿನದು ತಾನಾಗಿ ಏಣಾಗುತ್ತದೆ. ದೇವರನ್ನು ನೆನೆದು ಉಳಿ, ಕೊಡತಿ ತೆಗೆದಳು. ಚಕ್ಕೆ ಸುರುಳಿ ಸುರುಳಿಯಾಗಿ ಬಿತ್ತು. ಸವೆದಲ್ಲಿ ಏಣು ಕೊಂಚ ಬಾಗಿ ಎದ್ದಿತು, ಕಾಯಿ ಬಿಸಿಲಿನ ಕಡೆ ಮೈ ತಿರುಗಿಸಿದಂತೆ. ಮೊದಲಿನ ನೆಟ್ಟನೆಯ ಏಣಿಗಿಂತ ಇದೇ ಚೆಂದವೆಂದು ಆಕೆಗೇ ಅನ್ನಿಸಿತು.

ಉಪ್ಪುಕಾಗದವನ್ನು ನಾದಿನಿಯ ಕೈಗಿತ್ತಳು. "ಇನ್ನು ನೀನು ಕೂತ್ಕೋ."

"ನಂಗೇನತ್ತಿಗೆ ಬರುತ್ತೆ?"

"ಕಣ್ಣು ಮುಚ್ಚೋಕೆ ಬರುತ್ತಲ್ಲ. ನಿಮ್ಮ ವಂಶದ ವಿದ್ಯೆಯೇ ಅದು."

ನಾದಿನಿ ಉಜ್ಜಿ ಮುಗಿಸುವ ಹೊತ್ತಿಗೆ ಗಾಡಿ ಬಂತು. ನಾಲ್ವರು ಹಿಡಿದು ಕಾಯಿಯನ್ನು ಗಾಡಿಯಲ್ಲಿ ಹರವಿದ್ದ ಹಾಸಿಗೆಯ ಮೇಲೆ ಮಲಗಿಸಿದರು. ಅದು ಬೀದಿಯ ತಿರುವು ದಾಟುವವರೆಗೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಕೇಳಿದಳು:

"ನಾಳೆ ಮರದ ಅಂಗಡಿಗೆ ಬರ್ತೀಯಾ? ದಿಮ್ಮಿ ಆರಿಸೋಕೆ ನಂಗೆ ಬರಲ್ಲ."

"ನಂಗೂ ಬರಲ್ವಲ್ಲ!"

"ಬಾರೇ, ಇಬ್ರೂ ಸೇರಿ ಮೋಸ ಹೋಗೋಣ."