ವರ್ಲಿನ್ ಹಾರಿಸಿದ ಎರಡನೇ ಗುಂಡು

ಪಕ್ಕದ ಜಿಲ್ಲೆಯ ಚರ್ಚೊಂದಕ್ಕೆ ಪ್ರಾರ್ಥನೆಯ ಹೊತ್ತಿನಲ್ಲೇ ಒಬ್ಬ ಬಂದೂಕು ಹಿಡಿದು ನುಗ್ಗಿದ್ದ. ಆ ಸುದ್ದಿ ಬಂದ ಮೇಲೆ ಅಮೆರಿಕದ ಮಿಸೌರಿ ರಾಜ್ಯದ ಈ ಸಣ್ಣ ಊರಿನಲ್ಲೂ ಭಾನುವಾರ ಬಾಗಿಲಿಗೆ ಬೆನ್ನು ಹಾಕಿ ಕೂರಲು ಜನ ಹೆದರತೊಡಗಿದರು. ಕಡೆಗೆ, ನಾಲ್ವರು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕಾವಲು ಕೂರಲಿ ಎಂದು ಪಾಸ್ಟರ್ ಒಪ್ಪಿದರು.

ನಾನು ಕೂರುತ್ತೇನೆಂದು ಮೊದಲು ಕೈ ಎತ್ತಿದವನು ವರ್ಲಿನ್ ಸ್ಟ್ಯಾಂಪರ್. ಅವನ ಹೆಂಡತಿ ನಡೀನ್ ಇದೇ ಊರಿನ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಾಳೆ. ಅವಳಿಗೇನಾದರೂ ಆದರೆ ಎಂಬ ಚಿಂತೆ ಮೂರು ವಾರದಿಂದ ಅವನನ್ನು ಕೊರೆಯುತ್ತಿತ್ತು.

ಆದರೆ ರಾಕ್ಸಾನ್ ಟೀಗ್ ತಕರಾರು ತೆಗೆದಳು. ಅವಳು ಇಪ್ಪತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದವಳು.

“ತರಬೇತಿ ಇಲ್ದೆ ಯಾರೂ ಕಾವಲು ಕೂರೋದು ಬೇಡ. ನಾಲ್ಕು ಶನಿವಾರ ಬನ್ನಿ. ಆಮೇಲೆ ಮೂರು ತಿಂಗಳಿಗೊಂದ್ಸಲ ಬನ್ನಿ.”

ವರ್ಲಿನ್‌ಗೆ ನಗು ಬಂತು. “ಪಿಸ್ತೂಲು ಇಟ್ಕೊಳ್ಳೋಕೆ ನಮ್ಮ ಕಾನೂನೇ ಕೇಳದ ತರಬೇತಿ ನೀನ್ಯಾಕೆ ಕೇಳ್ತೀಯ? ಆರು ವರ್ಷಕ್ಕೇ ನಮ್ಮಜ್ಜ ನನ್ನ ಕೈಗೆ ರೈಫಲ್ ಕೊಟ್ಟಿದ್ದ. ಹೋದ ವರ್ಷ ನಾನು ಹೊಡೆದ ಜಿಂಕೆ ಮಾಂಸ ತಿಂದವಳು ನೀನೇ ಅಲ್ವೇನೇ?”

“ತಿಂದೆ ಮಾರಾಯ, ಚೆನ್ನಾಗೇ ಇತ್ತು. ಆದ್ರೆ ಆ ಜಿಂಕೆ ಚರ್ಚಿಗೆ ಬಂದಿರ್ಲಿಲ್ಲ.”

“ನೋಡೇ, ಅರವತ್ಮೂರು ವರ್ಷಕ್ಕೆ ನನ್ನನ್ನ ಸ್ಕೂಲಿಗೆ ಹಾಕ್ತಾಳಂತೆ,” ಎಂದ ವರ್ಲಿನ್, ಹೆಂಡತಿಯ ಕಡೆ ತಿರುಗಿ.

“ಹೋಗೋ. ನಾಲ್ಕು ಶನಿವಾರ ನನಗೂ ಮನೇಲಿ ನೆಮ್ಮದಿ,” ಎಂದಳು ನಡೀನ್.

“ಒಂದೇ ಒಂದು ಶನಿವಾರ ಬರ್ತೀನಿ. ಇವಳ ಬಾಯಿ ಮುಚ್ಚಿಸೋಕೆ.”

ಶನಿವಾರ ಚರ್ಚಿನಲ್ಲೇ ಎಲ್ಲರೂ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಊಟ ಮಾಡಿದರು. ಆಮೇಲೆ ರಾಕ್ಸಾನ್ ನಿಜವಾದ ಪಿಸ್ತೂಲುಗಳನ್ನೆಲ್ಲ ಇಸಿದುಕೊಂಡು ತನ್ನ ಗಾಡಿಯಲ್ಲಿಟ್ಟು ಬೀಗ ಹಾಕಿದಳು. ಕಾವಲಿನವರಿಗೆ ಬಣ್ಣದ ಗುಂಡು ಹಾರಿಸುವ ಆಟದ ಪಿಸ್ತೂಲು ಕೊಟ್ಟಳು. ಎಲ್ಲರ ಕಣ್ಣಿಗೂ ದಪ್ಪ ಕನ್ನಡಕ ಹಾಕಿಸಿದಳು.

“ಭಾನುವಾರ ಹೇಗೋ ಹಾಗೇ ಕೂತ್ಕೊಳ್ಳಿ. ಏನಾಗುತ್ತೆ ಅಂತ ನಾನು ಹೇಳಲ್ಲ.”

ವರ್ಲಿನ್ ಹಿಂದಿನ ಸಾಲಿನಲ್ಲಿ ಕೂತ. ಪಿಯಾನೋ ನುಡಿಸಲೆಂದು ರಾಕ್ಸಾನ್ ನಡೀನ್‌ಳನ್ನೂ ಕರೆಸಿದ್ದಳು; ಅವಳು ಒಂದು ಕೀರ್ತನೆ ನುಡಿಸತೊಡಗಿದಳು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಪಿಯಾನೋ ಪಕ್ಕದ ಬಾಗಿಲು ದಢಾರೆಂದು ತೆರೆಯಿತು. ಉದ್ದ ಕೋಟಿನ ಅಪರಿಚಿತನೊಬ್ಬ ಕೂಗುತ್ತಾ ಒಳಗೆ ಓಡಿಬಂದು ಕೋಟಿನೊಳಗೆ ಕೈ ಹಾಕಿದ.

ವರ್ಲಿನ್ ಎದ್ದ. ಎದೆಬಡಿತ ಕಿವಿಯಲ್ಲೇ ಕೇಳಿಸುತ್ತಿತ್ತು. ಪಿಸ್ತೂಲು ಅಂಗಿಗೆ ಸಿಕ್ಕಿಕೊಂಡಿತು. ಕಿತ್ತು ತೆಗೆದವನೇ ಎರಡು ಸಲ ಟ್ರಿಗರ್ ಒತ್ತಿದ.

ಸದ್ದಡಗಿದ ಮೇಲಷ್ಟೇ ಅವನಿಗೆ ಕಣ್ಣು ಕಂಡಿತು. ಬಂದವನ ತೋಳಿನ ಮೇಲೆ ನೀಲಿ ಬಣ್ಣ ಚೆಲ್ಲಿತ್ತು. ಅವನ ಕೈಯಲ್ಲಿದ್ದದ್ದು ಫೋನು.

“ಇವನು ಏನಂತ ಕೂಗಿದ, ವರ್ಲಿನ್?” ಎಂದು ಕೇಳಿದಳು ರಾಕ್ಸಾನ್.

“ಏನೂ ಕೇಳಿಸ್ಲಿಲ್ಲ.”

“ನಮಗೆಲ್ಲ ಕೇಳಿಸ್ತು. ‘ನನ್ನ ಹೆಂಡ್ತಿ ಕಾರಲ್ಲಿ ಎಚ್ಚರ ತಪ್ಪಿದಾಳೆ, ಯಾರಾದ್ರೂ ಬನ್ನಿ’ ಅಂತ. ನನ್ನ ಭಾವನೇ ಕಣೋ ಇವನು. ನಾನೇ ಹೇಳಿ ಕರೆಸಿದ್ದು. ಸರಿ, ಎರಡನೇ ಗುಂಡು ಎಲ್ಲಿ ಹೋಯ್ತು?”

ನಡೀನ್ ಪಿಯಾನೋ ಮುಂದಿನಿಂದ ಮೆಲ್ಲಗೆ ಎದ್ದು ನಿಂತಳು. ಅವಳ ಸ್ವೆಟರಿನ ಮೇಲೆ, ಎಡಭುಜದ ಸ್ವಲ್ಪ ಕೆಳಗೆ, ನೀಲಿ ಬಣ್ಣ ಇಳಿಯುತ್ತಿತ್ತು.

“ಈ ಬಣ್ಣ ಒಗೆದ್ರೆ ಹೋಗುತ್ತೇನೇ, ರಾಕ್ಸಾನ್?” ಎಂದಳು.

“ಹೋಗುತ್ತೆ ಕಣೆ. ಇದು ಬರೀ ಬಣ್ಣ.”

ವರ್ಲಿನ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ರಾಕ್ಸಾನ್ ಬಂದು ಪಕ್ಕದಲ್ಲಿ ಕೂತಳು.

“ಐವತ್ತು ವರ್ಷದಲ್ಲಿ ನನ್ನ ಗುರಿ ತಪ್ಪಿದ್ದು ಕಡಿಮೆ,” ಎಂದ.

“ಗೊತ್ತು. ಜಿಂಕೆ ನಿನ್ನ ಮೇಲೆ ಕೂಗಾಡಲ್ಲ. ನೋಡೋಕೆ ಟೈಮ್ ಕೊಡುತ್ತೆ. ಅದರ ಹಿಂದೆ ಮನೆಯವರು ಕೂತಿರಲ್ಲ. ನಿನಗೆ ಗುರಿ ಇಡೋದು ಗೊತ್ತು. ಯಾವಾಗ ಹೊಡೀಬಾರದು ಅನ್ನೋದನ್ನ ಕಲೀಬೇಕು.”

“ಎಷ್ಟು ಕಲಿತ್ರೆ ಸಾಕು ಹೇಳು.”

“ಇಷ್ಟೇ ಸಾಕು ಅಂತ ಹೇಳೋ ಧೈರ್ಯ ನನಗಿಲ್ಲ. ನಾನೇ ಈಗಲೂ ತಿಂಗಳಿಗೊಂದ್ಸಲ ಅಭ್ಯಾಸಕ್ಕೆ ಹೋಗ್ತೀನಿ. ಬಿಟ್ರೆ ಕೈ ಮರೆಯುತ್ತೆ, ತಲೆ ಅದಕ್ಕಿಂತ ಬೇಗ ಮರೆಯುತ್ತೆ.”

ಮರುದಿನ ವರ್ಲಿನ್ ಪಿಸ್ತೂಲನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಚರ್ಚಿಗೆ ಹೊರಟ.

“ಕಾವಲಿಗೆ ಕೂರಲ್ವೇನೋ?” ಎಂದು ಕೇಳಿದಳು ನಡೀನ್.

“ಈಗ್ಲೇ ಬೇಡ ಕಣೆ. ನಿನ್ನನ್ನ ಕಾಯ್ತೀನಿ ಅಂತ ಕೂತು ನಿನ್ನನ್ನೇ ಹೊಡೆದುಬಿಟ್ನಲ್ಲ.”

ನಾಲ್ಕು ಶನಿವಾರವೂ ಹೋದ. ಕೊನೆಯ ದಿನದ ಅಭ್ಯಾಸದಲ್ಲಿ ಮತ್ತೊಬ್ಬ ಅಪರಿಚಿತ ಒಳಗೆ ನುಗ್ಗಿದ. ವರ್ಲಿನ್ ಪಿಸ್ತೂಲಿನ ಮೇಲೆ ಕೈ ಇಟ್ಟ, ಆದರೆ ತೆಗೆಯಲಿಲ್ಲ. ಪಕ್ಕಕ್ಕೆ ಸರಿದು, ಅವನ ಹಿಂದೆ ಯಾರಿದ್ದಾರೆಂದು ನೋಡಿ, “ಕೈ ಮೇಲೆತ್ತು, ಏನು ಬೇಕು ಹೇಳು!” ಎಂದು ಕೂಗಿದ. ಈ ಸಲ ರಾಕ್ಸಾನ್ ಕಳಿಸಿದ್ದವನು ದಾರಿ ಕೇಳಲು ಬಂದವನಂತೆ ನಟಿಸುತ್ತಿದ್ದ. ನಡೀನ್ ನುಡಿಸುವುದನ್ನು ನಿಲ್ಲಿಸಲೂ ಇಲ್ಲ.

ಬಂದೂಕು ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಲೈಸೆನ್ಸ್ ಇದೆ, ಅಪ್ಪ ಕಲಿಸಿದ್ದಾರೆ, ಕಾಡಿನಲ್ಲಿ ಓಡಾಡಿ ರೂಢಿಯಿದೆ ಎಂದು ಸುಮ್ಮನಿರಬೇಡಿ. ಬಲ್ಲವರ ಬಳಿ ಹೋಗಿ ಕಲಿಯಿರಿ. ಗಾಬರಿಯಲ್ಲಿ ನಿಮ್ಮ ಕೈ ಏನು ಮಾಡುತ್ತದೆಂದು ಆಟದ ಪಿಸ್ತೂಲಿನಲ್ಲೇ ತಿಳಿದುಕೊಳ್ಳಿ. ಕೆಲವು ತಿಂಗಳಿಗೊಮ್ಮೆ ಮತ್ತೆ ಹೋಗಿ. ಅಲ್ಲಿಯವರೆಗೆ ಬಂದೂಕು ಬೀಗದೊಳಗಿರಲಿ. ತರಬೇತಿಗೆ ಇವತ್ತೇ ಹೆಸರು ಬರೆಸಿ, ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನೀವು ಕಾಯಬೇಕೆಂದಿರುವುದು ಅವರನ್ನೇ ಅಲ್ಲವೇ?