ತೊಳೆದ ಪಿಸ್ಟನ್ ಮುಟ್ಟಬಾರದು

ಎಂಜಿನ್ ಬಿಚ್ಚಿ ಕಟ್ಟುವವರು ಕೆಲಸದ ನಡುವೆ ಇಂದಿಗೂ ಹೇಳಿಕೊಳ್ಳುವ ಮಾತಿದು. ನದಿಯಂಚಿನ ಒಂದು ಗ್ಯಾರೇಜಿನಲ್ಲಿ ಅಣ್ಣನೇ ಯಜಮಾನ, ಕೆಲಸಗಾರರ ಬಾಯಲ್ಲಿ ದೊಡ್ಡ ಮೇಸ್ತ್ರಿ. ತಮ್ಮ ಅವನ ನೆರಳು. ತಮ್ಮನ ಹೆಂಡತಿ ಹಿಂದಿನ ಕೋಣೆಯಲ್ಲಿ ಪಿಸ್ಟನ್ನುಗಳಿಗೆ ಲೇಪನ ಹಾಕುವವಳು. ಪಿಸ್ಟನ್ನಿನ ಮೈಯನ್ನು ಜಿಡ್ಡು ಹೋಗುವಂತೆ ತೊಳೆದು, ಕಪ್ಪು ಲೇಪನವನ್ನು ತೆಳ್ಳಗೆ ಸಿಂಪಡಿಸಿ, ಓವನ್ನಿನಲ್ಲಿ ಕಾಯಿಸಬೇಕು. ಆಗ ಎಣ್ಣೆ ಸಾಲದೆ ಹೋದ ಗಳಿಗೆಯಲ್ಲೂ ಲೋಹಕ್ಕೆ ಲೋಹ ಉಜ್ಜಿ ಗೀರು ಬೀಳದು.

ದೊಡ್ಡ ಮೇಸ್ತ್ರಿಗೆ ಅಪ್ಪನಿಂದ ಬಂದ ರೂಢಿಯೊಂದಿತ್ತು. ತೊಳೆದಿಟ್ಟ ಪ್ರತಿ ಪಿಸ್ಟನ್ನನ್ನು ಬರಿಗೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ಸವರಿ, ಹೂಂ ಎನ್ನುವುದು. ಆ ಹೂಂ ಬೀಳದೆ ಯಾವ ಎಂಜಿನ್ನೂ ಮುಂದೆ ಸಾಗುತ್ತಿರಲಿಲ್ಲ.

ಈಚೆಗೆ ಕಟ್ಟಿದ ಎಂಜಿನ್ನುಗಳು ಒಂದರ ಹಿಂದೊಂದು ವಾಪಸು ಬಂದವು. ಲೇಪನ ಸಿಪ್ಪೆಯೆದ್ದಿತ್ತು. ಬಣ್ಣ ಬಳಿಯುವ ಈ ಹೊಸ ಷೋಕಿ ಸಾಕು, ಈಗ ರಿಪೇರಿಗೆ ಬಂದಿರುವ ದೋಣಿಯವನ ಎಂಜಿನ್ನೂ ಹೀಗೇ ಆದರೆ ಆ ಕೋಣೆ ಟೈರು ಪೇರಿಸಲಿಕ್ಕೆ ಎಂದು ಮೇಸ್ತ್ರಿ ತೀರ್ಪು ಕೊಟ್ಟ. ಆಕೆ ಹಾಳಾದ ಪಿಸ್ಟನ್ನುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲದರಲ್ಲೂ ಕಿತ್ತುಬಂದದ್ದು ಒಂದೇ ಕಡೆ, ಒಂದು ಹೆಬ್ಬೆರಳಿನಗಲ. ಹೇಳಿದರೆ ಭಾವ ನಕ್ಕುಬಿಟ್ಟ.

ದೋಣಿಯ ಪಿಸ್ಟನ್ನುಗಳನ್ನು ತೊಳೆದಿಟ್ಟ ದಿನ ಆಕೆ ಬಾಗಿಲಿಗೆ ಅಡ್ಡ ನಿಂತಳು. ಅಂಗಳದಲ್ಲಿದ್ದವರೆಲ್ಲ ಸ್ಪ್ಯಾನರು ಕೆಳಗಿಟ್ಟರು. ದೊಡ್ಡವರಿಗೆ ಎದುರಾಡಬೇಡ, ಒಮ್ಮೆ ಮುಟ್ಟಿದರೆ ಸವೆದುಹೋಗುತ್ತದೆಯೇ ಎಂದು ಗಂಡ ಗೋಗರೆದ.

"ನನ್ನ ಕೈಗೇನು ವಿಷ ಮೆತ್ತಿದೆಯಾ?" ಎಂದ ಮೇಸ್ತ್ರಿ.

"ವಿಷ ಅಲ್ಲ ಭಾವ, ಜಿಡ್ಡು. ತೊಳೆಯೋಕೆ ಮುಂಚೆ ಎಷ್ಟು ಬೇಕಾದ್ರೂ ಮುದ್ದು ಮಾಡಿ. ತೊಳೆದ ಮೇಲೆ ಮಾವನೋರೇ ಎದ್ದು ಬಂದ್ರೂ ಮುಟ್ಟೋಕೆ ಬಿಡಲ್ಲ."

ಮೇಸ್ತ್ರಿ ಆಕೆಯ ಪಕ್ಕದಿಂದ ಕೈ ಚಾಚಿ ಒಂದನ್ನೆತ್ತಿ ಬೇಕೆಂದೇ ಸವರಿದ. ಆಕೆ ಅದನ್ನು ಕಸಿದು ಥಿನ್ನರಿಗೆ ಅದ್ದಿದಳು; ತೊಳೆದು, ಒಣಗಿಸಿ, ಒಗೆದ ಬಟ್ಟೆಯಲ್ಲಿ ಹಿಡಿದು ಸಾಲಿಗೆ ಸೇರಿಸಿದಳು. ಆತ ಮತ್ತೆ ಮುಟ್ಟಿದ. ಆಕೆ ಮತ್ತೆ ತೊಳೆದಳು. ಮುಟ್ಟಿದ, ತೊಳೆದಳು. ಹೊತ್ತು ಇಳಿಯತೊಡಗಿತು. ಎಂಜಿನ್ನಿಗಾಗಿ ಬಂದು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದ ದೋಣಿಯವನು ಕೊನೆಗೆ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

"ಕತ್ತಲಾದ್ರೂ ಮುಟ್ತಾನೇ ಇರ್ತೀನಿ."

"ಡ್ರಮ್ ತುಂಬ ಥಿನ್ನರ್ ಇದೆ, ಭಾವ."

ಆಗ ದೋಣಿಯವನು ಕೂತಲ್ಲಿಂದಲೇ ಹೇಳಿದ: "ಮೇಸ್ತ್ರಿಗಳೇ, ನಿಮ್ಮ ಹೂಂ ನೀವೇ ಇಟ್ಕೊಳ್ಳಿ. ನಂಗೆ ಎಂಜಿನ್ ಕೊಡಿ."

ಯಾರೋ ಕಿಸಕ್ಕೆಂದರು. ಮೇಸ್ತ್ರಿಯ ಕೈ ಹಿಂದೆ ಸರಿಯಿತು. ಆಕೆ ಅವನ ಮುಖದೆದುರೇ ಬಾಗಿಲು ಹಾಕಿದಳು.

ಓವನ್ನಿನಿಂದ ತೆಗೆದ ಪಿಸ್ಟನ್ನುಗಳು ಆರಿದ ಬಳಿಕ, ಎಲ್ಲರ ಕಣ್ಣೆದುರು ಅಂಟುಪಟ್ಟಿ ಒತ್ತಿ ಚರ್ರನೆ ಕಿತ್ತಳು. ಪಟ್ಟಿಗೆ ಕಪ್ಪಿನ ಚುಕ್ಕೆಯೂ ಹತ್ತಿರಲಿಲ್ಲ. ದೋಣಿ ನೀರಿಗಿಳಿಯಿತು, ಎಂಜಿನ್ ವಾಪಸು ಬರಲಿಲ್ಲ, ಟೈರಿನ ಮಾತನ್ನೂ ಯಾರೂ ಎತ್ತಲಿಲ್ಲ.

ಮುಂದಿನ ಎಂಜಿನ್ ಬಿಚ್ಚಿದಾಗ ಮೇಸ್ತ್ರಿ ಅಂಗಳದಲ್ಲೇ, ಮಸಿ ಮೆತ್ತಿದ ಪಿಸ್ಟನ್ನುಗಳನ್ನು ಒಂದೊಂದಾಗಿ ಸವರಿ, ತಲೆತಲಾಂತರದ ರೂಢಿಯೇ ಇದು ಎನ್ನುವ ಠೀವಿಯಿಂದ ಆಕೆಯ ತಟ್ಟೆಗೆ ಹಾಕಿದ.

"ಬಾಗಿಲು ತೆಗೆದಿಟ್ಟು ಕೆಲಸ ಮಾಡು. ನಾನು ನೋಡ್ಬೇಕು."

"ಧೂಳು ಬರುತ್ತೆ, ಭಾವ," ಎಂದು ಆಕೆ ಒಳಹೋಗಿ ಚಿಲಕ ಹಾಕಿಕೊಂಡಳು.